ಎಲ್ ಪಾಸೊದಲ್ಲಿ ಮತ್ತೆ ಸಿಕ್ಕಿಬಿದ್ದವನು

1892ರ ಗಿಯರಿ ಕಾಯ್ದೆಯಂತೆ ಅಮೆರಿಕದ ಚೀನೀ ಕಾರ್ಮಿಕರೆಲ್ಲ ವಾಸದ ಪ್ರಮಾಣಪತ್ರ ಪಡೆಯಬೇಕಿತ್ತು. ಪತ್ರವಿಲ್ಲದೆ ಸಿಕ್ಕಿಬಿದ್ದರೆ ಗಡೀಪಾರು. ಮೊದಲಿನಿಂದ ಅಲ್ಲಿದ್ದವನೆಂದು ತೋರಿಸಲು ಬಿಳಿಯನೊಬ್ಬನ ಸಾಕ್ಷಿಯೇ ಬೇಕು. ಪಕ್ಕದ ಮನೆಯ ಚೀನೀಯನ ಮಾತು ನಡೆಯದು.

ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದ ಅಡುಗೆಯವ ವಾಂಗ್ ಕಿಮ್ ಆರ್ಕ್ 1894ರಲ್ಲಿ ಚೀನಾಕ್ಕೆ ಹೊರಟಾಗ ಬಿಳಿಯರ ಸಹಿಯಿದ್ದ ಹೇಳಿಕೆಯನ್ನು ಮಾಡಿಸಿಟ್ಟುಕೊಂಡಿದ್ದ. ಆದರೂ 1895ರಲ್ಲಿ ಮರಳಿದಾಗ ನೀನು ಪ್ರಜೆಯಲ್ಲ ಎಂದು ದಡಕ್ಕೆ ಇಳಿಯಗೊಡಲಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲೇ ಕೂಡಿಟ್ಟರು. 1898ರಲ್ಲಿ ಸುಪ್ರೀಂ ಕೋರ್ಟು ಅವನು ಹುಟ್ಟಿನಿಂದಲೇ ಪ್ರಜೆ ಎಂದಿತು. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಮುಂದಿನದು. ಅವನ ಹೆಸರಿನ ತೀರ್ಪು ಬಂದು ಮೂರೇ ವರ್ಷವಾಗಿತ್ತು. 1901ರಲ್ಲಿ ಮೆಕ್ಸಿಕೋ ಗಡಿಯ ಎಲ್ ಪಾಸೊದಲ್ಲಿ ಅವನನ್ನು ಮತ್ತೆ ಹಿಡಿದರು. 300 ಡಾಲರ್ ಜಾಮೀನು ಕಟ್ಟಿ, ತಿಂಗಳುಗಟ್ಟಲೆ ಕಾದು, ತಾನು ಪ್ರಜೆಯೆಂದು ಅವನು ಇನ್ನೊಮ್ಮೆ ರುಜುವಾತು ಮಾಡಬೇಕಾಯಿತು.