ಕಡಲಾಚೆಯ ರೊಕ್ಕ

ಹಸಿದವರಿಗೆ ಅನ್ನವಿಕ್ಕುವುದನ್ನು ಕಲಬುರಗಿಯ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಅರಳಗುಂಡಗಿಯಿಂದ ಬಂದು ಇಲ್ಲಿ ನೆಲೆಸಿದ ಶರಣಬಸವೇಶ್ವರರ (1746–1822) ದಾಸೋಹದ ಕಥೆಗಳನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಹೊಲದ ಮೇಲೆ ಬಿದ್ದ ಹಕ್ಕಿಗಳನ್ನು ಓಡಿಸುವ ಬದಲು, ತೆನೆ ತಿಂದು ಅವಕ್ಕೆ ಬಾಯಾರಿರಬೇಕೆಂದು ನೀರಿಟ್ಟರಂತೆ! ಕಥೆಯನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ಕೊಟ್ಟವನು ಲೆಕ್ಕವಿಡಬಾರದು, ಉಂಡವನು ತಲೆ ತಗ್ಗಿಸಬಾರದು ಎಂಬ ಒಂದು ಅಳತೆಗೋಲು ಮಾತ್ರ ಅದರಲ್ಲಿದೆ. ಕಡಲಾಚೆಯಿಂದ ಬಂದ ಕ್ರೈಸ್ತ ಸೇವೆಯನ್ನು ನಾವು ಅದೇ ಕೋಲಿನಿಂದ ಅಳೆದು ನೋಡಬಹುದು.

ಆ ಸೇವೆ ಈ ಭಾಗಕ್ಕೆ ಬಂದದ್ದು ರೈಲಿನ ಬೆನ್ನು ಹಿಡಿದು. 1871ರಲ್ಲಿ ಮುಂಬಯಿಯ ಹಳಿ ಸೊಲ್ಲಾಪುರ, ಕಲಬುರಗಿಗಳನ್ನು ಹಾಯ್ದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮರ ರೈಲುದಾರಿಯೂ ತೆರೆಯಿತು. ಅದೇ ಕಾಲಕ್ಕೆ, 1870ರಲ್ಲಿ, ಇಂಡಿಯಾಕ್ಕೆ ಬಂದಿದ್ದ ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ ದೊಡ್ಡ ಪಟ್ಟಣಗಳಲ್ಲಿಯೂ ರೈಲು ಊರುಗಳಲ್ಲಿಯೂ ಇಂಗ್ಲಿಷ್ ಮಾತನಾಡುವವರ ಸಭೆಗಳನ್ನು ಕಟ್ಟುತ್ತ ಹೋದನು. ಅವನದೊಂದು ಹಟವಿತ್ತು: ತನ್ನ ಸಭೆಗಳಿಗೆ ಅಮೆರಿಕದಿಂದ ಬಿಡಿಗಾಸೂ ಬರಕೂಡದು, ಬೋಧಕನ ಅನ್ನ ಸಭೆಯವರ ಗಂಟಿನಿಂದಲೇ ಹುಟ್ಟಬೇಕು.

ಹಟವೇನೋ ಮೆಚ್ಚತಕ್ಕದ್ದೇ. ಆದರೆ ಅದು ನಡೆದದ್ದು ತಿಂಗಳ ಪಗಾರವಿದ್ದ ಗಾರ್ಡು, ಡ್ರೈವರು, ಗುಮಾಸ್ತರ ನಡುವೆ. ಸ್ಟೇಶನ್ ಬಿಟ್ಟು ಬೀದರದ ದಾರಿ ಹಿಡಿಯಿರಿ. ಆ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರುಗಳಲ್ಲೊಂದು ಕಮಲಾಪುರ. ಅಲ್ಲಿಯ ಕೆಂಪು ಬಾಳೆಯ ಹೆಸರು ಕೇಳದವರಿಲ್ಲ. ಬಾಳೆಗೆ ನೀರು ಬೇಕು, ನೀರಿಗೆ ಬಾವಿ ಬೇಕು, ಬಾವಿಗೆ ಸ್ವಂತ ಹೊಲ ಬೇಕು. ಊರ ಹೊರಗಿನ ಕೇರಿಯಲ್ಲಿದ್ದು, ಪರರ ಹೊಲದಲ್ಲಿ ಜೋಳದ ಕೂಲಿಗೆ ದುಡಿಯುತ್ತಿದ್ದವನಿಗೆ ಟೇಲರನ ನಿಯಮದಿಂದ ಆಗುವುದೇನು? ಕೊಡಲು ಅವನಲ್ಲಿ ಗಂಟೇ ಇರಲಿಲ್ಲ!

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೆಥಡಿಸ್ಟರು ಬೀದರ, ಕಲಬುರಗಿ, ರಾಯಚೂರು ಭಾಗದ ಹಳ್ಳಿಗಳಿಗೆ ಕಾಲಿಟ್ಟಾಗ ಅವರ ಬಳಿಗೆ ಬಂದವರು ಹೆಚ್ಚಾಗಿ ಈ ಕೇರಿಗಳವರೇ. ಟೇಲರನ ಹಟ ಅಲ್ಲಿಗೆ ಸಡಿಲಿತು. ಶಾಲೆಗೂ ಮಕ್ಕಳ ವಸತಿಗೂ ಬೀದರದ ಆಸ್ಪತ್ರೆಗೂ ಕಡಲಾಚೆಯ ರೊಕ್ಕ ಬೇಕಾಯಿತು. ಜೊತೆಗೆ, ರೊಕ್ಕ ಕೊಟ್ಟವರಿಗೆ ಲೆಕ್ಕವನ್ನೂ ವರದಿಯನ್ನೂ ಕಳಿಸುವ ಬಾಧ್ಯತೆಯೂ ಬಂದಿತು. ದಾಸೋಹದ ಅಳತೆಗೋಲಿಗೆ ಇದು ಸರಿಹೊಂದದು, ನಿಜ. ಆದರೆ ಮಠದ ಪಂಕ್ತಿಯಲ್ಲಿ ಉಂಡೆದ್ದ ಹುಡುಗ ಸಾಹುಕಾರನ ಸಾಲಪತ್ರವನ್ನು ಓದಬಲ್ಲವನಾಗುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಈ ತೊಡಕನ್ನು ನಿಜಾಮರ ಸೀಮೆಯಾಚೆ ಬಾಸೆಲ್ ಮಿಷನ್ನಿನವರು ಬಹಳ ಮೊದಲೇ ಕಂಡಿದ್ದರು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಅವರ ರೊಕ್ಕವೂ ಸಿರಿವಂತರದೇ ಆಗಿರಲಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯವನ್ನು ಕೊಡುವ ಏರ್ಪಾಡು 1850ರ ದಶಕದಲ್ಲಿ ಆರಂಭವಾಯಿತು. ಇಲ್ಲಿ ಮತ ಬದಲಿಸಿದವನಿಗೆ ಮನೆ ತಪ್ಪಿತು, ಕುಲಕಸುಬು ತಪ್ಪಿತು. ಅವನಿಗೆ ದಿನವೂ ಅನ್ನ ಹಾಕುತ್ತ ಕೂಡುವುದು ಎಷ್ಟು ದಿನ? 1841ರಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಮಾಡಿ ನೋಡಿದರು. ಎಣಿಸಿದಷ್ಟು ಅದು ಬೆಳೆಯಲಿಲ್ಲ. 1851ರಲ್ಲಿ ಮಂಗಳೂರಿನಲ್ಲಿ ಮಗ್ಗಗಳನ್ನು ಹೂಡಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿಯ ಜೇಡಿಮಣ್ಣಿನಿಂದ ಜೆಪ್ಪುವಿನಲ್ಲಿ ಹಂಚು ಸುಡಿಸಿದನು. ಶಹಾಬಾದದ ಕಲ್ಲಿನ ಕೆಳಗೆ ಬಾಳುವ ನಮ್ಮ ಕಡೆಯವರಿಗೆ ಆ ಕೆಂಪು ಮಾಡಿನ ಸೊಗಸು ಕೂಡಲೇ ಹಿಡಿಸದು. ಮಲೆನಾಡು ಕರಾವಳಿಗಳ ಮಳೆಗೆ ಅದಕ್ಕಿಂತ ಹಿತವಾದದ್ದು ಬೇರಿಲ್ಲ.

ಭಿಕ್ಷೆ ಹೋಗಿ ಕೂಲಿ ಬಂದಿತು. ಕಾಯಕವೆಂಬ ಮಾತು ಹುಟ್ಟಿದ ನಾಡಿಗೆ ಇದು ಹೊಸದಲ್ಲ. ಆದರೂ ಒಂದು ಕೊರತೆ ಉಳಿಯಿತು: ಪಗಾರ ಕೊಡುವವರೂ ಮನೆ ಕೊಡುವವರೂ ಪಾಪಪುಣ್ಯ ವಿಚಾರಿಸುವವರೂ ಒಬ್ಬರೇ ಆದರು. ಅಂಥ ಧಣಿಯೊಡನೆ ಜಗಳವಾಡಿ ಹೋಗುವುದೆಲ್ಲಿಗೆ? 1914ರಲ್ಲಿ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಸೆರೆಯಾದರು. ಮುಂದೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಡಲಾಚೆಯ ಆಸರೆ ಯಾರದೋ ಜಗಳಕ್ಕೆ ಒಂದೇ ಪೆಟ್ಟಿಗೆ ಕಡಿದುಹೋಗಬಲ್ಲದೆಂಬುದು ಆಗ ಎಲ್ಲರಿಗೂ ಕಂಡಿತು.

ನಮ್ಮ ಭಾಗದ ಕೇರಿಗಳಿಗೆ ಬಂದ ಪೆಟ್ಟು ಬೇರೆ ಬಗೆಯದು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1950ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು; 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಅದರೊಳಗೆ ಬಂದರು. ಕ್ರೈಸ್ತರು ಹೊರಗುಳಿದರು. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವನಿಗೆ ಅರ್ಜಿ ಬರೆಯಲು ಬರುತ್ತಿತ್ತು; ಅರ್ಜಿಯ ಜಾತಿಯ ಕಾಲಮಿನಲ್ಲಿ ಏನು ಬರೆಯಬೇಕೆಂಬುದೇ ಪ್ರಶ್ನೆಯಾಯಿತು. ಒಂದೇ ಕೇರಿಯ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಸಿಕ್ಕುವ ಸರ್ಟಿಫಿಕೇಟು ಇನ್ನೊಬ್ಬನಿಗೆ ಸಿಕ್ಕದಂತಾಯಿತು. ಊರವರ ಕಣ್ಣಿಗೆ ಮಾತ್ರ ಇಬ್ಬರೂ ಆ ಕೇರಿಯವರೇ.