ನಿಮ್ಹಾನ್ಸ್ ಪ್ರಯೋಗಾಲಯದಿಂದ ಶ್ರೀನಿವಾಸಪುರದ ಹಳ್ಳಿಗಳಿಗೆ: ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮಿದುಳು ಸಂಶೋಧನೆಯ ಹಾದಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹೆಸರು ಇಂದು ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಗಳ ಲೇಖನ ಶೀರ್ಷಿಕೆಗಳಲ್ಲಿ ಕಾಣಸಿಗುತ್ತದೆ. ಈ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಆರಂಭವಾದ ‘ಸ್ಯಾನ್ಸ್‌ಕಾಗ್’ ಎಂಬ ಮಿದುಳಿನ ಆರೋಗ್ಯದ ಅಧ್ಯಯನವೇ ಅದಕ್ಕೆ ಕಾರಣ. ಅದರ ರೂವಾರಿ ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ಪ್ರಕಟಣೆಗಳನ್ನು ಕಾಲಕ್ರಮದಲ್ಲಿ ಓದಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ: ಸಂಶೋಧನೆಯ ಪ್ರಭಾವ ಉಲ್ಲೇಖಗಳ ಮೊತ್ತದಲ್ಲಷ್ಟೇ ಇಲ್ಲ, ಆ ಸಂಶೋಧನೆ ಯಾರ ಪ್ರಶ್ನೆಗಳನ್ನು ಎತ್ತಿಕೊಂಡಿತು ಎಂಬುದರಲ್ಲೂ ಇದೆ.

1953ರಲ್ಲಿ ಚೆನ್ನೈಯಲ್ಲಿ ಜನಿಸಿದ ಅವರು ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ, 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಕೆಲಸ ಮಾಡಿ, 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ದೇಹಕ್ಕೆ ಸೇರಿದ ಔಷಧವನ್ನು ಮಾರ್ಪಡಿಸುವ ಕೆಲಸ ಮುಖ್ಯವಾಗಿ ಯಕೃತ್ತಿನದು. ಆದರೆ ಮನೋರೋಗದ ಔಷಧಗಳು ಕೆಲಸ ಮಾಡುವುದು ಮಿದುಳಿನಲ್ಲಿ. ಹಾಗಾಗಿ ಅಲ್ಲಿ ಅವುಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಚಿಕಿತ್ಸೆಗೇ ಸಂಬಂಧಿಸಿದ್ದು. ಮರಣೋತ್ತರ ಪರೀಕ್ಷೆಯಲ್ಲಿ ದೊರೆತ ಮಾನವ ಮಿದುಳಿನ ಅಂಗಾಂಶದಲ್ಲಿ ಔಷಧವನ್ನು ಮಾರ್ಪಡಿಸುವ ಸೈಟೋಕ್ರೋಮ್ ಪಿ-450 ಕಿಣ್ವಗಳಿರುವುದನ್ನು ಅವರು, ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮತ್ತಿತರರೊಂದಿಗೆ, 1989ರಲ್ಲಿ ‘ಬ್ರೇನ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮುಂದಿನ ಘಟ್ಟದ ಪ್ರಶ್ನೆ ಬಡವರ ತಟ್ಟೆಯಿಂದ ಬಂತು. ಬರಗಾಲದಲ್ಲಿಯೂ ಬೆಳೆಯುವ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರಲ್ಲಿ ಕಾಲುಗಳು ಸೆಟೆದು ನಡಿಗೆ ಕುಂಠಿತವಾಗುವ ಲ್ಯಾಥಿರಿಸಂ ಕಾಣಿಸಿಕೊಳ್ಳುತ್ತದೆ. ಬೇಳೆಯಲ್ಲಿರುವ ವಿಷಕಾರಿ ಅಮೈನೋ ಆಮ್ಲವನ್ನು ಇಲಿಗಳಿಗೆ ಕೊಟ್ಟು ನಡೆಸಿದ ಪ್ರಯೋಗಗಳ ಫಲಿತಾಂಶ 1998ರಲ್ಲಿ ‘ಜರ್ನಲ್ ಆಫ್ ನ್ಯೂರೋಸೈನ್ಸ್’ನಲ್ಲಿ ಬಂತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ‘ಕಾಂಪ್ಲೆಕ್ಸ್–1’ ಮೊದಲು ಕುಸಿಯುತ್ತದೆ, ನರಕೋಶದ ನಾಶ ಆಮೇಲಿನದು. ಗಂಧಕಯುಕ್ತ ಥಯೋಲ್ ಸಂಯುಕ್ತಗಳನ್ನು ಮುಂಚಿತವಾಗಿ ಕೊಟ್ಟಾಗ ಈ ಕುಸಿತ ತಪ್ಪಿತು. ಪಾರ್ಕಿನ್ಸನ್ ಕಾಯಿಲೆಯಲ್ಲೂ ಇದೇ ಕಾಂಪ್ಲೆಕ್ಸ್ ದುರ್ಬಲವಾಗುವುದರಿಂದ, ಲ್ಯಾಥಿರಿಸಂನ ಈ ತಿಳಿವಳಿಕೆ ಇನ್ನೊಂದು ರೋಗದ ಸಂಶೋಧನೆಗೂ ಹೊಂದಿಕೆಯಾಯಿತು. ಕಾಂಪ್ಲೆಕ್ಸ್–1 ಅನ್ನು ಕಾಪಾಡುವಲ್ಲಿ ಗ್ಲುಟಾರೆಡಾಕ್ಸಿನ್ ಎಂಬ ಕಿಣ್ವದ ಪಾತ್ರವನ್ನು ಅವರ ತಂಡ 2003ರಲ್ಲಿ ವಿವರಿಸಿತು.

2012ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಶ್ವಗಂಧದ ಲೇಖನ ಬಹುವಾಗಿ ಉಲ್ಲೇಖಗೊಂಡಿದೆ. ಆಲ್ಝೈಮರ್ ಲಕ್ಷಣಗಳಿದ್ದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಟ್ಟಾಗ ಮಿದುಳಿನಲ್ಲಿ ಶೇಖರಗೊಂಡ ಅಮಿಲಾಯ್ಡ್ ಎಂಬ ಪ್ರೋಟೀನು ತಗ್ಗಿತು. ಸಾರ ಯಕೃತ್ತಿನ ಮೂಲಕ ಕೆಲಸ ಮಾಡಿತು: ಅಲ್ಲಿನ ಒಂದು ಗ್ರಾಹಕ ಪ್ರೋಟೀನಿನ ಪ್ರಮಾಣ ಹೆಚ್ಚಿ ಅಮಿಲಾಯ್ಡ್ ದೇಹದಿಂದ ಹೊರಹೋಯಿತು. ಇದು ಇಲಿಗಳಲ್ಲಿ ಕಂಡ ಫಲ. ಮನುಷ್ಯರಿಗೆ ಮದ್ದು ಸಿಕ್ಕಿತೆಂದು ಇದನ್ನು ಓದಲಾಗದು.

ಈ ನಡುವೆ ಅವರು ಸಂಸ್ಥೆಗಳನ್ನೂ ಕಟ್ಟಿದರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದ ಅವರು ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನರವಿಜ್ಞಾನ ಕೇಂದ್ರವನ್ನೂ, ಬಳಿಕ ಮಿದುಳು ಸಂಶೋಧನಾ ಕೇಂದ್ರವನ್ನೂ ರೂಪಿಸಿದರು. 2010ರಲ್ಲಿ ಪದ್ಮಶ್ರೀ ಸಂದಿತು.

ಶ್ರೀನಿವಾಸಪುರದ ಅಧ್ಯಯನ ನಡೆಯುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಆಶ್ರಯದಲ್ಲೇ. 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ವರ್ಷಗಟ್ಟಲೆ ಗಮನಿಸುವುದು ಇದರ ಗುರಿ. ರಕ್ತಪರೀಕ್ಷೆ, ವಂಶವಾಹಿ ವಿಶ್ಲೇಷಣೆ, ಎಂಆರ್‌ಐ ಹಾಗೂ ನೆನಪು, ಗಮನ, ಭಾಷೆಯ ಪರೀಕ್ಷೆಗಳು ಇದರಲ್ಲಿವೆ. ಮರೆವಿನ ಕಾಯಿಲೆಯ ದೊಡ್ಡ ಅಧ್ಯಯನಗಳು ಹೆಚ್ಚಾಗಿ ಶ್ರೀಮಂತ ದೇಶಗಳ ಓದು ಬಲ್ಲವರ ಮೇಲೆ ನಡೆದಿವೆ. ಕನ್ನಡದ ಜತೆಗೆ ತೆಲುಗೂ ಮನೆಮಾತಾದ ಈ ಗಡಿ ತಾಲ್ಲೂಕಿನಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇದ್ದಾರೆ. ಓದು, ಲೆಕ್ಕ ಬೇಡುವ ಪರೀಕ್ಷೆಯಲ್ಲಿ ಅಂಥವರು ಹಿಂದೆ ಬಿದ್ದರೆ ಅದು ಮಿದುಳಿನ ಕ್ಷೀಣತೆಯೋ, ಬಾಲ್ಯದಲ್ಲಿ ಕಲಿಕೆ ದೊರೆಯದ ಪರಿಣಾಮವೋ ಎಂದು ಬೇರ್ಪಡಿಸಬೇಕಾಗುತ್ತದೆ. ರಕ್ತದೊತ್ತಡ, ಮಧುಮೇಹ ಇದ್ದರೂ ಅದರ ಅರಿವೇ ಇಲ್ಲದವರು ಹಲವರಿರುವುದನ್ನು ಆರಂಭಿಕ ವರದಿಗಳು ತೋರಿಸಿವೆ. ಇವೆರಡೂ ಮಿದುಳಿನ ಆರೋಗ್ಯಕ್ಕೆ ಅಪಾಯ ತರುವಂಥವು, ಹಾಗೆಯೇ ಚಿಕಿತ್ಸೆಗೆ ಬಗ್ಗುವಂಥವು.

ಸಂಶೋಧನೆಯ ಪ್ರಭಾವ ಅಳೆಯಲು ಉಲ್ಲೇಖಗಳನ್ನು ಎಣಿಸುವ ಕ್ರಮ 1964ರಲ್ಲಿ ಯೂಜೀನ್ ಗಾರ್‌ಫೀಲ್ಡ್ ಆರಂಭಿಸಿದ ಸೂಚಿಯಿಂದ ಬೆಳೆಯಿತು. 2005ರಲ್ಲಿ ಜಾರ್ಜ್ ಹಿರ್ಷ್ ವಿಜ್ಞಾನಿಯ ಪ್ರಕಟಣೆ ಮತ್ತು ಉಲ್ಲೇಖಗಳನ್ನು ಒಂದೇ ಅಂಕಿಯಲ್ಲಿ ಅಳೆಯುವ ಎಚ್-ಸೂಚ್ಯಂಕವನ್ನು ಮುಂದಿಟ್ಟರು. ಹೆಚ್ಚು ಪ್ರಯೋಗಾಲಯಗಳಿರುವ ವಿಷಯಕ್ಕೆ ಉಲ್ಲೇಖ ಬೇಗ ಸಿಗುತ್ತದೆ. ಕೆಲವೇ ಮಂದಿ ಅಧ್ಯಯನ ಮಾಡುವ ಬಡವರ ರೋಗಕ್ಕೆ ಅದು ನಿಧಾನ. ಆದ್ದರಿಂದ ಅಶ್ವಗಂಧದ ಲೇಖನವನ್ನೂ ಕೇಸರಿ ಬೇಳೆಯ ಲೇಖನವನ್ನೂ ಒಂದೇ ಅಂಕಿಯಿಂದ ತೂಗುವುದು ನ್ಯಾಯವಲ್ಲ. ಸ್ಯಾನ್ಸ್‌ಕಾಗ್‌ನಂಥ ಅಧ್ಯಯನದ ಬೆಲೆ ಇನ್ನೂ ತಡವಾಗಿ ತಿಳಿಯುತ್ತದೆ, ಏಕೆಂದರೆ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದಷ್ಟೂ ಅದರ ಮಾಹಿತಿ ಹೆಚ್ಚು ಉಪಯುಕ್ತವಾಗುತ್ತದೆ.