ಮಡಕೆ ಮಾರುತ್ತಿದ್ದವಳ ದನಿ ಬಾಂಬೆಗೆ ಬಂದಿದ್ದು

ಈಗ ನೀವು ಕೇಳಿದ ತುಣುಕು ಅರಬ್ ಹಾಡಲ್ಲ, ಹಳೇ ಹಿಂದಿ ಸಿನಿಮಾದ್ದೂ ಅಲ್ಲ. ಇದು ಜಂಜಿಬಾರ್‌ನ ತಾರಾಬ್ ಸಂಗೀತ. ಟಾಂಜಾನಿಯಾದ ಕರಾವಳಿಗೆ ಎದುರಿಗಿರೋ ದ್ವೀಪ ಅದು. ಹಾಡು ಸ್ವಾಹಿಲಿ ಭಾಷೆಯಲ್ಲಿದೆ. ಹಿಂದೆ ಪಿಟೀಲು, ಊದ್, ಮತ್ತೆ ಖಾನೂನ್ ಅಂತ ನಮ್ಮ ಸ್ವರಮಂಡಲದ ಹಾಗೆ ಮೀಟೋ ಒಂದು ವಾದ್ಯ.

ನಾನು ಬಿ.ಕಾಂ. ಓದಿದವಳು. ಯಾವ ಕಥೆ ಕೇಳಿದ್ರೂ ಮೊದಲು ದುಡ್ಡು ಯಾರದ್ದು ಅಂತ ನೋಡ್ತೀನಿ. ತಾರಾಬ್‌ಗೆ ದುಡ್ಡು ಹಾಕಿದ್ದು ಅರಮನೆ. 1870ರಿಂದ 1888ರವರೆಗೆ ಆಳಿದ ಸುಲ್ತಾನ್ ಬರ್ಗಶ್ ಈಜಿಪ್ಟಿನ ಸಂಗೀತಕ್ಕೆ ಮರುಳಾಗಿ, ಖಾನೂನ್ ಕಲಿಯೋಕೆ ಒಬ್ಬನನ್ನ ಕೈರೋಗೇ ಕಳಿಸಿದ್ದ. ಹಾಡೆಲ್ಲ ಅರಬ್ಬಿಯಲ್ಲಿ. ಆ ಸಂಪತ್ತು ಬಂದಿದ್ದು ಲವಂಗ, ಆನೆದಂತ ಮತ್ತು ಗುಲಾಮರ ವ್ಯಾಪಾರದಿಂದ. 1905ರಲ್ಲಿ ಇಖ್ವಾನಿ ಸಫಾ ಅನ್ನೋ ಕ್ಲಬ್ ಶುರುವಾಯ್ತು. ಅದು ಇವತ್ತಿಗೂ ಇದೆ. ಆದರೆ ಬಂದರಿನಲ್ಲಿ ಮೂಟೆ ಹೊರೋರಿಗೆ ಈ ಹಾಡು ಅರ್ಥವಾಗ್ತಾ ಇರಲಿಲ್ಲ.

ಆಗ ಬಂದವಳು ಸಿತಿ ಬಿಂತಿ ಸಾದ್. ಫುಂಬಾ ಅನ್ನೋ ಹಳ್ಳಿಯವಳು, ಗುಲಾಮ ತಂದೆತಾಯಿಯ ಮಗಳು. ಹುಟ್ಟಿದಾಗ ಇಟ್ಟ ಹೆಸರು ಮ್ತುಮ್ವಾ, ಅಂದ್ರೆ 'ಗುಲಾಮ'! 'ಸಿತಿ', ಅಂದ್ರೆ ಒಡತಿ ಅನ್ನೋ ಹೆಸರು ಆಮೇಲೆ ಬಂತು. ಮಡಕೆ ಮಾರಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ ಈ ಹೆಂಗಸು ತಾರಾಬನ್ನ ಜನರ ಸ್ವಾಹಿಲಿಗೆ ತಂದಳು. ಅವಳ ರೂಪ, ಬಡತನ ಎರಡನ್ನೂ ಆಡಿಕೊಂಡು ಎದುರಾಳಿಗಳು ಹಾಡು ಕಟ್ಟಿದ್ರು. ಅವಳೂ ಹಾಡಿನಲ್ಲೇ ಉತ್ತರ ಕೊಟ್ಟಳು.

'ಕಿಜಿತಿ' ಅನ್ನೋ ಅವಳ ಹಾಡಿದೆ. ಕಿಜಿತಿ ಎಂಬುವನು ಊರಿಗೆ ಬಂದಿದ್ದ ಒಬ್ಬ ಹೆಂಗಸನ್ನ ಕೊಂದು ದ್ವೀಪ ಬಿಟ್ಟು ಪರಾರಿಯಾದ. ಶಿಕ್ಷೆ ಆಗಿದ್ದು ಅವಳ ಜೊತೆಗಿದ್ದ ಹೆಂಗಸರಿಗೆ. ಕೋರ್ಟು ಹೀಗೆ ಮುಗಿಸಿದ ಕೇಸನ್ನ ಸಿತಿ ಊರ ಮುಂದೆ ಮತ್ತೆ ತೆಗೆದಳು. ನನಗೆ ಕೇಳಿದ್ರೆ, ತಾರಾಬ್ ಅರಮನೆಯಿಂದ ಊರಿನ ಪಾಲಿಗೆ ಬಂದಿದ್ದು ಇಂಥ ಹಾಡುಗಳಿಂದಲೇ.

1928ರಲ್ಲಿ ಅವಳು ಹಡಗು ಹತ್ತಿ ಬಾಂಬೆಗೆ ಬಂದು ಎಚ್‌ಎಂವಿಗೆ ಹಾಡಿದಳು. ಪೂರ್ವ ಆಫ್ರಿಕಾದ ಹೆಂಗಸೊಬ್ಬಳ ದನಿ ಡಿಸ್ಕಿಗೆ ಏರಿದ್ದು ಅದೇ ಮೊದಲು. ಬಾಂಬೆಯೇ ಯಾಕೆ? ಶತಮಾನಗಳಿಂದ ಮಾನ್ಸೂನ್ ಗಾಳಿ ಹಿಡಿದು ಹಾಯಿಹಡಗು ಓಡಾಡಿದ ದಾರಿ ಅದು. ನಮ್ಮ ಮಂಗಳೂರು ಹೆಂಚು ಪೂರ್ವ ಆಫ್ರಿಕಾಕ್ಕೆ ಹೋಗಿದ್ದೂ ಇದೇ ಕಡಲ ಮೇಲೆ. ಆ ಡಿಸ್ಕುಗಳು ಕಾಫಿ ಅಂಗಡಿಗಳಲ್ಲಿ ಮೊಳಗಿದವು. ಗ್ರಾಮಫೋನ್ ಕೊಳ್ಳೋಕಾಗದವರೂ ನಿಂತು ಕೇಳಿದ್ರು.

1950ರಲ್ಲಿ ಸಿತಿ ತೀರಿಕೊಂಡಳು. 1964ರ ಕ್ರಾಂತಿಯಲ್ಲಿ ಸುಲ್ತಾನನೇ ಓಡಿಹೋದ, ಹಾಡು ಮಾತ್ರ ಉಳಿಯಿತು. ಸಿತಿಯನ್ನ ಕೇಳಿ ಕಲಿತ ಬಿ ಕಿದುಡೆ ಮುಪ್ಪಿನಲ್ಲೂ ಡೋಲು ಬಾರಿಸಿ, ಸಿಗರೇಟು ಸೇದಿ, ಜಗತ್ತು ಸುತ್ತಿ ಹಾಡಿ, 2013ರಲ್ಲಿ ಹೋದರು. 2002ರಲ್ಲಿ ಸ್ಟೋನ್ ಟೌನ್‌ನಲ್ಲಿ ಶುರುವಾದ ಸಂಗೀತ ಶಾಲೆಯಲ್ಲಿ ಈಗಿನ ಹುಡುಗ ಹುಡುಗಿಯರು ಊದ್, ಖಾನೂನ್ ಕಲೀತಾರೆ. ದುಡ್ಡಿಲ್ಲದೆ ಅದೂ ಒಮ್ಮೆ ಮುಚ್ಚೋ ಹಂತಕ್ಕೆ ಬಂದಿತ್ತು. ಈಗ ಸುಲ್ತಾನರಿಲ್ಲವಲ್ಲ!

ಸಿತಿಯ ಮರಿಮಗಳು ಸಿತಿ ಮುಹರಮ್ 2020ರಲ್ಲಿ 'ಸಿತಿ ಆಫ್ ಉಂಗುಜಾ' ಅನ್ನೋ ಆಲ್ಬಂ ತಂದಿದ್ದಾರೆ. ಮುಂದಿನ ಎಪಿಸೋಡ್ ಬರೋದ್ರೊಳಗೆ ಅದನ್ನ ಒಂದ್ಸಲ ಕೇಳಿರಿ.